ಸರ್ವ್‌ಗೆ ಮುಂಚಿನ ಎರಡು ಮಾತು

ಜೇವರ್ಗಿಯ ಸ್ನೇಹಪಂದ್ಯದಲ್ಲಿ ನಮ್ಮ ಹುಡುಗಿ ಹನ್ನೊಂದು ಡಬಲ್ ಫಾಲ್ಟ್ ಮಾಡಿದಳು. ಟೆನಿಸ್‌ನಲ್ಲಿ ಸರ್ವ್ ಮಾಡುವವರಿಗೆ ಪ್ರತಿ ಅಂಕಕ್ಕೂ ಎರಡು ಅವಕಾಶ ಇರುತ್ತವೆ. ಎರಡು ಸಲವೂ ಚೆಂಡು ಗೆರೆಯೊಳಗೆ ಬೀಳದಿದ್ದರೆ ಎದುರಾಳಿಗೆ ಅಂಕ ಪುಕ್ಕಟೆ. ಹನ್ನೊಂದು ಸಲ ಅವಳು ಹಾಗೆ ಪುಕ್ಕಟೆ ಕೊಟ್ಟಳು. ಮೂರು ಗೇಮ್ ಗೆದ್ದು ಎಂಟು ಸೋತು, ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಬೆಂಚಿನ ಮೇಲೆ ಕೂತುಬಿಟ್ಟಳು.

ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಕಿ. ಮಕ್ಕಳು ಸೋಲುವುದು ನನಗೆ ಹೊಸದೇನಲ್ಲ. ಆದರೆ ಈ ಸೋಲಿನ ಲೆಕ್ಕ ನನಗೆ ಕೂಡಲಿಲ್ಲ. ಹಿಂದಿನ ಸಂಜೆಯಷ್ಟೇ ನಮ್ಮೂರಿನ ಗರಸುಮಣ್ಣಿನ ಕೋರ್ಟಿನಲ್ಲಿ ಇದೇ ಹುಡುಗಿ ಐವತ್ತು ಸರ್ವ್‌ಗಳಲ್ಲಿ ನಲವತ್ತೆರಡನ್ನು ಗೆರೆಯೊಳಗೆ ಇಳಿಸಿದ್ದಳು. ಅದೇ ಕೈ, ಅದೇ ರಾಕೆಟ್. ಜೇವರ್ಗಿಯ ಕೋರ್ಟೂ ನಮ್ಮದರ ಹಾಗೇ ಗರಸಿನದು, ಸುಣ್ಣದ ಗೆರೆಯದು. ಹಾಗಾದರೆ ಒಂದೂವರೆ ಗಂಟೆಯ ಬಸ್ಸಿನ ದಾರಿಯಲ್ಲಿ ಅವಳ ಕೈಗೆ ಆದದ್ದೇನು?

ಹೆದರಿಕೆ ಎಂದು ಜೊತೆಗೆ ಬಂದಿದ್ದ ಮೇಷ್ಟ್ರು ಒಂದೇ ಮಾತಿನಲ್ಲಿ ಮುಗಿಸಿದರು. ನನಗೂ ಅದು ಗೊತ್ತಿತ್ತು. ಯಾವುದರ ಹೆದರಿಕೆ ಎನ್ನುವುದು ಮಾತ್ರ ಗೊತ್ತಿರಲಿಲ್ಲ. ಸೋಲಿನದು ಎನ್ನೋಣವೆಂದರೆ, ಎದುರಾಳಿ ಸರ್ವ್ ಮಾಡುವಾಗ ಅವಳು ಎಳ್ಳಷ್ಟೂ ಅಳುಕದೆ ಆಡಿದ್ದಳು. ಜೋರಾಗಿ ಬಂದ ಚೆಂಡನ್ನು ಬ್ಯಾಕ್‌ಹ್ಯಾಂಡಿನಿಂದ ಗೆರೆಯ ಉದ್ದಕ್ಕೂ ಕಳಿಸಿ, ನೋಡುತ್ತಿದ್ದವರೆಲ್ಲ ತಿರುಗುವಂತೆ ಮಾಡಿದ್ದಳು. ಗೆದ್ದ ಮೂರು ಗೇಮ್‌ಗಳೂ ಎದುರಾಳಿಯ ಸರ್ವ್‌ನಲ್ಲಿ ಗೆದ್ದವು. ಸರ್ವ್ ತನ್ನ ಕೈಗೆ ಬಂದ ಕೂಡಲೇ ಆ ಆಟಗಾರ್ತಿ ಹೋಗಿ ಬೇರೆ ಯಾರೋ ಬಂದು ನಿಂತ ಹಾಗೆ ಕಾಣುತ್ತಿತ್ತು.

ನಾನು ಒಂದು ನೋಟ್‌ಬುಕ್ ಮಾಡಿದೆ. ಅದರಲ್ಲಿ ಎಲ್ಲ ಬರೆಯತೊಡಗಿದೆ. ಸರ್ವ್‌ಗೆ ಮುಂಚೆ ಚೆಂಡನ್ನು ಎಷ್ಟು ಸಲ ನೆಲಕ್ಕೆ ಕುಟ್ಟುತ್ತಾಳೆ, ಎಸೆದ ಚೆಂಡು ತಲೆಯ ಮೇಲೆ ಎಲ್ಲಿಗೆ ಹೋಗುತ್ತದೆ, ಎರಡು ಅಂಕಗಳ ನಡುವೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತಾಳೆ. ಒಂದು ವಿಷಯ ಬೇಗ ಸಿಕ್ಕಿತು. ಪಂದ್ಯದಲ್ಲಿ ಅವಳು ಸರ್ವ್‌ಗೆ ಮುಂಚೆ ಉಸಿರು ಹಿಡಿಯುತ್ತಾಳೆ. ಉಸಿರು ಹಿಡಿದಾಗ ಹೆಗಲು ಬಿಗಿಯುತ್ತದೆ, ಎಡಗೈ ಚೆಂಡನ್ನು ತಲೆಯ ಹಿಂದಕ್ಕೆ ಎಸೆಯುತ್ತದೆ, ಆ ಚೆಂಡಿಗೆ ಹೊಡೆದರೆ ಅದು ನೆಟ್ಟಿಗೆ ಬಡಿಯಬೇಕು, ಇಲ್ಲವೇ ಗೆರೆ ದಾಟಿ ಬೀಳಬೇಕು.

ರೋಗ ಸಿಕ್ಕಿತೆಂದು ಮದ್ದು ಶುರು ಮಾಡಿದೆ. ಪಂದ್ಯಕ್ಕೆ ಮುಂಚೆ ಮೈದಾನದ ಸುತ್ತ ಎರಡು ಸುತ್ತು ನಿಧಾನ ಓಟ, ಎದೆ ಹೇಗಿದ್ದರೂ ಹೊಡೆದುಕೊಳ್ಳುತ್ತದೆ, ಮೊದಲೇ ಹೊಡೆದುಕೊಂಡು ಅಭ್ಯಾಸವಾಗಲಿ ಎಂದು. ಅಂಕ ಮುಗಿದ ಮೇಲೆ ಬೆನ್ನು ತಿರುಗಿಸಿ ಹಿಂದಿನ ಬೇಲಿಯ ಕಡೆ ನೋಡುವುದು. ರಾಕೆಟ್ಟಿನ ತಂತಿಗಳನ್ನು ಬೆರಳಿನಿಂದ ಸರಿ ಮಾಡುವುದು. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಆಮೇಲೆ ಚೆಂಡನ್ನು ನಾಲ್ಕು ಸಲ ಕುಟ್ಟಿ ಸರ್ವ್. ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡುತ್ತಿದ್ದಳು. ನಾನು ಬೇಲಿಗೆ ಒರಗಿ ನಿಂತು ಅಂಕ ಕೂಗುತ್ತಿದ್ದೆ, ಅವಳು ಸರ್ವ್ ಮಾಡುತ್ತಿದ್ದಳು, ಚೆಂಡು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು.

ಎರಡು ವಾರದ ನಂತರ ಆಳಂದದಲ್ಲಿ ಇನ್ನೊಂದು ಸ್ನೇಹಪಂದ್ಯ. ಅಲ್ಲಿ ನರೋಣಾದಿಂದ ಬಂದಿದ್ದ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಎತ್ತರದ ಸ್ಟೂಲಿನ ಮೇಲೆ ಕೊಡೆ ಹಿಡಿದು ಕೂತು, ಶಾಲೆಯ ಪ್ರಾರ್ಥನೆಗೆ ಆಜ್ಞೆ ಕೊಡುವ ಧ್ವನಿಯಲ್ಲಿ ಅಂಕ ಕೂಗಿದರು. ನಮ್ಮ ಹುಡುಗಿ ಎಂಟು ನಾಲ್ಕರಿಂದ ಗೆದ್ದಳು. ಡಬಲ್ ಫಾಲ್ಟ್ ಎರಡೇ. ನೋಟ್‌ಬುಕ್ಕಿನಲ್ಲಿ ನಾನು ಆ ಪುಟದ ಕೆಳಗೆ ‘ಉಸಿರಿನ ಅಭ್ಯಾಸ ಫಲಿಸಿದೆ’ ಎಂದು ಬರೆದು ಗೆರೆ ಎಳೆದೆ. ಆ ಗೆರೆ ಎಳೆದದ್ದು ಅವಸರವಾಯಿತು.

ಕಲಬುರಗಿಯಲ್ಲಿ ಜಿಲ್ಲಾ ಮಟ್ಟದ ಆಯ್ಕೆ ನಡೆದಾಗ ಅವಳ ವಯೋಮಾನದಲ್ಲಿ ಹೆಸರು ಕೊಟ್ಟಿದ್ದವರು ನಾಲ್ಕೇ ಹುಡುಗಿಯರು. ಮೊದಲ ಸುತ್ತಿನ ಎದುರಾಳಿ ಬರಲೇ ಇಲ್ಲ. ಫೈನಲ್‌ನಲ್ಲಿ ನಮ್ಮವಳು ಓಟ, ಬೇಲಿ, ತಂತಿ, ಉಸಿರು ಎಲ್ಲವನ್ನೂ ಸರಿಯಾಗಿ ಮಾಡಿದಳು. ಒಂಬತ್ತು ಡಬಲ್ ಫಾಲ್ಟ್ ಕೂಡ ಮಾಡಿದಳು. ಇನ್ನೊಂದು ವಿಚಿತ್ರ ಕಂಡೆ. ಎದುರಾಳಿಯ ಎರಡು ಚೆಂಡು ಗೆರೆಯಿಂದ ಒಂದು ಗೇಣು ಆಚೆ ಬಿದ್ದವು. ಅವಳ ಕಡೆ ಬಿದ್ದ ಚೆಂಡು, ಅವಳೇ ‘ಔಟ್’ ಎನ್ನಬೇಕು. ಅವಳು ಏನೂ ಅನ್ನದೆ ಆಟ ಮುಂದುವರಿಸಿದಳು. ಕೇಳಿದ್ದಕ್ಕೆ ಸರಿಯಾಗಿ ಕಾಣಿಸಲಿಲ್ಲ ಎಂದಳು. ಸೋತರೂ, ಇಬ್ಬರನ್ನು ಕಳಿಸುವ ನಿಯಮ ಇದ್ದುದರಿಂದ ವಿಭಾಗ ಮಟ್ಟಕ್ಕೆ ಅವಳ ಹೆಸರು ಸೇರಿತು. ಅದಕ್ಕೆ ಇಪ್ಪತ್ತು ದಿನ ಉಳಿದಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: “ಟೀಚರ್, ಇದೊಂದು ಮುಗೀಲಿ. ಆಮ್ಯಾಲ ನಾ ಟೆನಿಸ್ ಬಿಡ್ತೇನ್ರಿ. ಓಟಕ್ಕ ಬರ್ತೇನಿ. ಅಲ್ಲಿ ಸುಮ್ಮ ಓಡಿದ್ರ ಆತು.”

ಮೂರು ವರ್ಷ ಈ ಕೋರ್ಟಿಗೆ ನಾನು ಕರೆತಂದ ಮಕ್ಕಳಲ್ಲಿ ಚೆಂಡು ಎಲ್ಲಿಗೆ ಬರುತ್ತದೆಂದು ಹೊಡೆತಕ್ಕೆ ಮುಂಚೆಯೇ ತಿಳಿಯುತ್ತಿದ್ದವಳು ಇವಳೊಬ್ಬಳೇ. ಬಿಡಬೇಡ ಎನ್ನಲು ನನ್ನಲ್ಲಿ ಕಾರಣ ಬೇಕಾದಷ್ಟಿದ್ದವು. ಆದರೆ ಅವಳಿಗೆ ಕೊಡಲು ಮದ್ದಿರಲಿಲ್ಲ. ‘ಸುಮ್ಮ ಓಡಿದ್ರ ಆತು’ ಎಂಬ ಮಾತನ್ನು ಆಗಲೇ ಸರಿಯಾಗಿ ಕೇಳಿಸಿಕೊಂಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು.

ನಾಲ್ಕನೆಯ ದಿನ ಭಾನುವಾರ. ಮನೆಯವರ ಜೊತೆ ಹತ್ತಿರದ ಹಳ್ಳಿಯೊಂದಕ್ಕೆ ಹೋಗಿದ್ದ ನಾನು ಅವರನ್ನು ಅಲ್ಲೇ ಬಿಟ್ಟು ಅಭ್ಯಾಸಕ್ಕೆಂದು ಒಬ್ಬಳೇ ಹೊರಟೆ. ಹತ್ತಿದ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅವಳು ಇದ್ದಳು. ಅವಳದು ಮಣ್ಣೂರ, ದಿನಾ ಬಸ್ಸಿನಲ್ಲೇ ಶಾಲೆಗೆ ಬರುವವಳು. ನಿಂತವರ ನಡುವೆ ನಾನು ಅವಳಿಗೆ ಕಾಣಲಿಲ್ಲ. ನಮ್ಮ ಕೋರ್ಟು ಊರಿನ ಹೊರಗೆ, ಬಸ್ ಸ್ಟ್ಯಾಂಡಿಗಿಂತ ಮುಂಚೆ ಸಿಗುವ ತಿರುವಿನ ಹತ್ತಿರ. ಅಲ್ಲಿ ನಿಲ್ದಾಣವಿಲ್ಲ, ಆದರೆ ‘ಹೋಲ್ಡಾನ್’ ಎಂದರೆ ಎಲ್ಲ ಕಂಡಕ್ಟರುಗಳೂ ನಿಲ್ಲಿಸುತ್ತಾರೆ.

ತಿರುವು ಹತ್ತಿರ ಬಂದಾಗ ಅವಳು ಎದ್ದಳು. ಚೀಲ ಹೆಗಲಿಗೇರಿಸಿ ಬಾಗಿಲ ಬಳಿ ಹೋಗಿ ಕಂಬಿ ಹಿಡಿದಳು. ಬಾಯಿ ತೆರೆದಳು. ಹೆಗಲೆರಡೂ ಮೇಲಕ್ಕೆ ಹೋದವು, ಕತ್ತಿನ ನರ ಬಿಗಿಯಿತು. ನಾನು ಆ ಹೆಗಲನ್ನು ಎಲ್ಲಿ ನೋಡಿದ್ದೇನೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಬಸ್ಸು ತಿರುವು ದಾಟಿ ಹೋಗಿತ್ತು. ಅವಳು ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಂದ ದಾರಿಯಲ್ಲೇ ಹಿಂದಕ್ಕೆ ನಡೆಯತೊಡಗಿದಳು. ಶಾಲೆಯಿಲ್ಲದ ದಿನವೂ ಅವಳು ಅಭ್ಯಾಸಕ್ಕೆ ಬೆವೆತುಕೊಂಡು ಊರಿನ ಕಡೆಯಿಂದ ಯಾಕೆ ಬರುತ್ತಾಳೆಂದು ನಾನು ಒಮ್ಮೆಯೂ ಯೋಚಿಸಿರಲಿಲ್ಲ.

ಕೋರ್ಟಿಗೆ ಹೋದವಳೇ ನೋಟ್‌ಬುಕ್ ತೆಗೆದೆ. ಅಂಪೈರ್ ಇಲ್ಲದ ಪಂದ್ಯದಲ್ಲಿ ಸರ್ವ್ ಮಾಡುವವರೇ ಪ್ರತಿ ಅಂಕಕ್ಕೂ ಮುಂಚೆ ಎದುರಾಳಿಗೆ ಕೇಳುವಂತೆ ಅಂಕ ಹೇಳಬೇಕು. ಒಂದು ಗೇಮಿನೊಳಗೆ ಅಂಕ ಹದಿನೈದು, ಮೂವತ್ತು, ನಲವತ್ತು ಎಂದು ಏರುತ್ತದೆ, ತನ್ನದು ಮೊದಲು, ಎದುರಾಳಿಯದು ಆಮೇಲೆ. ಥರ್ಟಿ, ಫಿಫ್ಟೀನ್, ಇಷ್ಟೇ, ಎರಡು ಮಾತು. ಜೇವರ್ಗಿಯಲ್ಲಿ ಅಂಪೈರ್ ಇರಲಿಲ್ಲ. ಕಲಬುರಗಿಯಲ್ಲೂ ಇರಲಿಲ್ಲ. ಆಳಂದದಲ್ಲಿ ಹೆಡ್‌ಮಾಸ್ಟರ್ ಇದ್ದರು. ನಮ್ಮ ಕೋರ್ಟಿನಲ್ಲಿ ನಾನಿದ್ದೆ. ಅವಳ ಬಾಯಿಗೆ ಬದಲು ಯಾರಾದರೂ ಕೂಗಿದಾಗಲೆಲ್ಲ ಅವಳು ಸರ್ವ್ ಸರಿಯಾಗಿ ಮಾಡಿದ್ದಳು. ನಾನು ಕೈಯ ರೋಗವೆಂದು ತಿಳಿದು ಒಂದೂವರೆ ತಿಂಗಳು ಮದ್ದು ಮಾಡಿದ್ದು ಗಂಟಲಿನ ರೋಗಕ್ಕೆ.

ಅವಳನ್ನು ಕೂರಿಸಿಕೊಂಡು ಕೇಳಿದೆ, ಬಸ್ಸಿನ ವಿಷಯದಿಂದಲೇ ಶುರು ಮಾಡಿದೆ. ಸಿಕ್ಕಿಬಿದ್ದವಳ ಹಾಗೆ ಹೇಳಿದಳು: “ಅಂಕ ಹೇಳೂ ಮುಂಚೆ ಎಲ್ಲಾರೂ ನನ್ನ ಬಾಯಿ ನೋಡಾಕತ್ತಾರ ಅನಸ್ತದ್ರಿ. ಧ್ವನಿ ಬರೂದಿಲ್ಲ. ಬರಲಿಲ್ಲಂದ್ರ ಕೈ ನಂದಲ್ಲ ಅನಸ್ತದ.” ಇದು ಯಾವಾಗಿನಿಂದ ಎಂದರೆ ಅವಳಿಗೂ ತಿಳಿಯದು. ಮನೆಯಲ್ಲಿ ಉರ್ದು, ಓಣಿಯಲ್ಲಿ ಕನ್ನಡ, ಎರಡರಲ್ಲೂ ಗೆಳತಿಯರ ಜೊತೆ ಬೇಕಾದಷ್ಟು ಹರಟುತ್ತಾಳೆ. ಗುರುತಿಲ್ಲದವರ ಎದುರು ಧ್ವನಿ ಎತ್ತಬೇಕಾದಾಗ ಮಾತ್ರ ಹೀಗೆ.

ಅಂದೇ ನಾನು ಒಂದು ನಿರ್ಧಾರ ಮಾಡಿದೆ. ಸರ್ವ್ ಅಭ್ಯಾಸ ನಿಲ್ಲಿಸಿದೆ. ವಿಭಾಗ ಮಟ್ಟಕ್ಕೆ ಹದಿನಾರು ದಿನ ಇರುವಾಗ ಸರ್ವ್ ನಿಲ್ಲಿಸುವುದೆಂದರೆ ಹುಚ್ಚು ಎಂದು ಮೇಷ್ಟ್ರು ಅಂದರು. ಆದರೆ ಕೆಡದ ಕೈಯನ್ನು ಇನ್ನಷ್ಟು ತಿದ್ದಿದರೆ ಅದೂ ಕೆಟ್ಟೀತು ಎಂದು ಗಟ್ಟಿಯಾಗಿ ಅನ್ನಿಸಿತ್ತು.

ಮೊದಲ ಮೂರು ದಿನ ಏನೂ ಗಿಟ್ಟಲಿಲ್ಲ. ಅವಳು ಬೇಸ್‌ಲೈನ್‌ನಲ್ಲಿ ನಿಲ್ಲುತ್ತಿದ್ದಳು, ನಾನು ನೆಟ್ಟಿನ ಹತ್ತಿರ. ಜೋರಾಗಿ ಹೇಳು ಎಂದರೆ ಧ್ವನಿ ಇನ್ನೂ ಒಳಕ್ಕೆ ಹೋಗುತ್ತಿತ್ತು. ಇಂಗ್ಲಿಷಿನ ಬದಲು ಕನ್ನಡದಲ್ಲಿ ಹೇಳು ಎಂದೆ. ‘ಮೂವತ್ತು, ಹದಿನೈದು’ ಸ್ವಲ್ಪ ಹಗುರವಾಗಿ ಬಂತು, ಆದರೆ ನೆಟ್ಟು ದಾಟಲಿಲ್ಲ. ನಾಲ್ಕನೆಯ ದಿನ, ಮಗಳಿಗೆ ಏನೋ ಕಾಯಿಲೆಯಿರಬಹುದೇ ಎಂದು ಮನೆಯಲ್ಲಿ ಕೇಳಿಬರೋಣವೆಂದು ಮಣ್ಣೂರಕ್ಕೆ ಹೋದೆ.

ಅವಳ ತಾಯಿ ಬಳೆ ಮಾರುವ ಹೆಂಗಸು. ಬುಟ್ಟಿ ಹೊತ್ತು ಸುತ್ತಲ ಹಳ್ಳಿಗಳ ಓಣಿ ತಿರುಗುತ್ತಾರೆ, ಅಮಾವಾಸ್ಯೆಗೆ ಘತ್ತರಗಿಯ ಗುಡಿಯ ದಾರಿಯಲ್ಲಿ ಕೂರುತ್ತಾರೆ. ನಾನು ಮಾತು ಶುರು ಮಾಡುವ ಮುಂಚೆಯೇ ನನ್ನ ಕೈ ಹಿಡಿದು, ಮಾಸ್ತರಬಾಯಿ ಕೈ ಬರಿದಾಗಿ ಇರಬಾರದೆಂದು ಅಳತೆ ನೋಡತೊಡಗಿದರು. ನಾನು ವಿಷಯ ಹೇಳಿದೆ. ಅವರು ನಗಲೂ ಇಲ್ಲ, ಮಗಳನ್ನು ಬೈಯಲೂ ಇಲ್ಲ. ಗೆಣ್ಣು ನೋಯದಂತೆ ಬಳೆ ಏರಿಸುತ್ತ ತಮ್ಮ ಮೊದಲ ದಿನದ ಮಾತು ಹೇಳಿದರು.

“ನಾ ಬುಟ್ಟಿ ಹೊತ್ತ ಮೊದ್ಲನೇ ದಿನ ನನಗೂ ಧ್ವನಿ ಬರಲಿಲ್ರಿ ಮೇಡಂ. ಎರಡು ಓಣಿ ಸುಮ್ಮನ ನಡದೆ. ಊರಾಗಿನ ಮಂದಿಗೆಲ್ಲಾ ಹೆಂಗ ಕೂಗ್ಲಿ ಅಂತ. ಮೂರನೇ ಓಣ್ಯಾಗ ದೂರ ಒಬ್ಬಾಕಿ ಮುದುಕಿ ಕಟ್ಟಿ ಮ್ಯಾಲ ಕುಂತಿದ್ಲು. ಊರಿಗಿ ಬ್ಯಾಡ, ಆಕಿ ಒಬ್ಬಾಕಿಗೇ ಹೇಳ್ತೇನಿ ಅಂತ ಆಕಿ ಮಾರಿ ನೋಡಿ ಬಳೀ ಅಂದೆ. ಓಣಿಗೆಲ್ಲಾ ಕೇಳಿಸ್ತು.”

ಬಾಗಿಲಲ್ಲಿ ನಿಂತಿದ್ದ ಮಗಳು ಅದನ್ನು ಮೊದಲ ಸಲ ಕೇಳುತ್ತಿದ್ದಳೆಂದು ಅವಳ ಮುಖ ಹೇಳುತ್ತಿತ್ತು. ಹಳ್ಳಿಯೆಲ್ಲ ಗುರುತಿಸುವ ಆ ಧ್ವನಿಗೂ ಒಂದು ಮೊದಲ ದಿನ ಇತ್ತೆಂದು ಅವಳು ಎಣಿಸಿರಲಿಲ್ಲ.

ಮರುದಿನದಿಂದ ‘ಜೋರಾಗಿ’ ಎಂಬ ಮಾತನ್ನೇ ನಾನು ಬಿಟ್ಟೆ. ನೆಟ್ಟಿನಾಚೆ ನಿಂತು, ನನಗೆ ಮಾತ್ರ ಹೇಳು, ಬೇರೆಯವರಿಗೆ ಕೇಳಿಸುವುದು ಬೇಡ ಎಂದೆ. ಕೇಳಿಸಿದರೆ ಕೈ ಎತ್ತುತ್ತಿದ್ದೆ, ಇಲ್ಲದಿದ್ದರೆ ಸುಮ್ಮನಿರುತ್ತಿದ್ದೆ. ನಿಲ್ಲಿಸಿದ್ದ ಸರ್ವ್ ಮತ್ತೆ ಶುರುವಾಯಿತು, ಆದರೆ ಕೈ ಎತ್ತುವವರೆಗೆ ಇಲ್ಲ. ದಿನಕ್ಕೆ ಐದಾರು ಹೆಜ್ಜೆ ಹಿಂದೆ ಸರಿದೆ. ನೆಟ್ಟಿನಿಂದ ಎದುರಿನ ಬೇಸ್‌ಲೈನಿಗೆ, ಅಲ್ಲಿಂದ ಬೇಲಿಗೆ, ಬೇಲಿಯಿಂದ ಗೇಟಿಗೆ. ಒಮ್ಮೆ ಗೇಟಿನ ಬಳಿ ಬಾಯಿ ತೆರೆದು ನೋಡುತ್ತ ನಿಂತ ಕುರಿಗಾಹಿ ಮುದುಕನನ್ನೇ ಎದುರಾಳಿ ಮಾಡಿದೆವು. ನಲವತ್ತು ಮೂವತ್ತು ಎಂದು ಅವಳು ಹೇಳಿದ್ದಕ್ಕೆ ಅವನು, ಯಾವುದರ ರೇಟು ಎಂದು ಕೇಳಿದ. ಅವಳು ನಗುತ್ತಲೇ ಸರ್ವ್ ಮಾಡಿದಳು. ಚೆಂಡು ಒಳಗೆ ಬಿತ್ತು. ನೋಟ್‌ಬುಕ್ಕಿನಲ್ಲಿ ನಾನು ಗಮನಿಸಿ ಬರೆದದ್ದು ಇಷ್ಟು: ಮಾತು ಹೊರಗೆ ಬಂದರೆ ಅದರ ಜೊತೆ ಉಸಿರೂ ಹೊರಗೆ ಬರುತ್ತದೆ. ನಾಲ್ಕು ಎಣಿಸಿ ಆರು ಎಣಿಸುವ ಕೆಲಸವನ್ನು ಆ ಎರಡು ಮಾತುಗಳೇ ಮಾಡುತ್ತವೆ.

ವಿಭಾಗ ಮಟ್ಟದ ಪಂದ್ಯಗಳೂ ಕಲಬುರಗಿಯಲ್ಲೇ. ಕೋರ್ಟು ಮಣ್ಣಿನದು. ಮೊದಲು ಎಂಟು ಗೇಮ್ ಗೆದ್ದವರು ಪಂದ್ಯ ಗೆದ್ದಂತೆ, ಏಳು ಏಳಾದರೆ ಟೈಬ್ರೇಕ್. ಫೈನಲ್ ತಲುಪಿದ ಇಬ್ಬರೂ ರಾಜ್ಯ ಮಟ್ಟಕ್ಕೆ. ಅಂಪೈರುಗಳು ಫೈನಲ್‌ಗೆ ಮಾತ್ರ. ಉಳಿದ ಕೋರ್ಟುಗಳ ನಡುವೆ ರೆಫರಿ ಒಬ್ಬರು ಓಡಾಡುತ್ತಿರುತ್ತಾರೆ. ಕನ್ನಡದಲ್ಲಿ ಅಂಕ ಹೇಳಬಹುದೇ ಎಂದು ರೆಫರಿಯನ್ನು ಕೇಳಬೇಕಿತ್ತು. ನಾನು ಎರಡು ಹೆಜ್ಜೆ ಮುಂದಿಟ್ಟು ನಿಂತು, ನೀನೇ ಕೇಳಿ ಬಾ ಎಂದೆ. ಅವಳು ನನ್ನನ್ನು ಒಮ್ಮೆ ನೋಡಿ ಹೋದಳು. ಏನು ಮಾತಾಯಿತೋ ಕೇಳಲಿಲ್ಲ. ಬಂದು, ಎದುರಾಳಿಗೆ ತಿಳಿದರೆ ಅಡ್ಡಿಯಿಲ್ಲವಂತೆ ಎಂದಳು.

ಕ್ವಾರ್ಟರ್ ಫೈನಲ್ ಗೆದ್ದಳು. ಆದರೆ ಅಲ್ಲಿ ತಪ್ಪಾದದ್ದು ನನ್ನಿಂದ. ಅವಳು ಅಂಕ ಹೇಳಿದಾಗಲೆಲ್ಲ ಬೇಲಿಯಾಚೆ ನಿಂತ ನನ್ನ ಕೈ ಅಭ್ಯಾಸಬಲದಿಂದ ತಾನಾಗಿ ಮೇಲೇಳುತ್ತಿತ್ತು. ರೆಫರಿ ಬಂದು, ಸನ್ನೆ ಮಾಡಿ ಹೇಳಿಕೊಡುವುದು ನಿಯಮಕ್ಕೆ ವಿರುದ್ಧ, ಇನ್ನೊಮ್ಮೆ ಕಂಡರೆ ಹುಡುಗಿಯ ಅಂಕ ಕಡಿತವಾಗುತ್ತದೆ ಎಂದು ಎಚ್ಚರಿಸಿದರು. ನಾಚಿಕೆಯಾಯಿತು. ಹೇಗೆ ಕಟ್ಟಿಕೊಂಡರೂ ಆ ಕೈ ನನ್ನ ಮಾತು ಕೇಳುವುದಿಲ್ಲವೆಂದು ತಿಳಿದು, ಸೆಮಿಫೈನಲ್ ಶುರುವಾಗುವ ಮುಂಚೆ ನಾನು ಕೋರ್ಟು ಬಿಟ್ಟು ಹೊರಟೆ. “ನಾ ಇಲ್ಲಿ ಇರೂದಿಲ್ಲಬೇ. ಆ ಗ್ವಾಡಿ ಹಿಂದ ಕುಂತಿರ್ತೇನಿ,” ಎಂದೆ. ಅವಳ ಮುಖ ಸಣ್ಣದಾಯಿತು. “ಹಂಗಾರ ಯಾರಿಗಿ ಹೇಳ್ಲಿರಿ?” ಎಂದಳು. ಎದುರಿಗೆ ನಿಂತಿರುತ್ತಾಳಲ್ಲ, ಆಕೆಗೇ ಹೇಳಬೇಕಾದ್ದು ಎಂದೆ.

ಗೋಡೆಯ ಹಿಂದೆ ನೀರಿನ ಟ್ಯಾಂಕಿನ ಕಟ್ಟೆ. ಅಲ್ಲಿ ಕೂತರೆ ಕೋರ್ಟು ಕಾಣುವುದಿಲ್ಲ. ಚೆಂಡಿನ ಸದ್ದು ಕೇಳುತ್ತದೆ. ಎದುರಾಳಿ ಬಳ್ಳಾರಿಯ ಕಡೆಯ ಎತ್ತರದ ಹುಡುಗಿ, ಅವಳು ಅಂಕ ಹೇಳುವುದು ನನ್ನವರೆಗೆ ಬರುತ್ತಿರಲಿಲ್ಲ. ಮೊದಲ ಸರ್ವ್ ಎದುರಾಳಿಯದು. ನಮ್ಮವಳು ಸರ್ವ್ ಮಾಡಿದ ಎರಡನೆಯ ಗೇಮ್‌ನಲ್ಲಿ ನನಗೆ ಏನೂ ಕೇಳಲಿಲ್ಲ. ಚೆಂಡು ನೆಟ್ಟಿಗೆ ಬಡಿದ ಸದ್ದು ಎರಡೆರಡು ಸಲ ಬಂತು. ನಾಲ್ಕನೆಯ ಗೇಮ್ ಕೂಡ ಹಾಗೇ. ಎದ್ದು ಹೋಗಬಾರದು, ಕೂರಲೂ ಆಗದು. ಪಂದ್ಯದ ಹೆದರಿಕೆಯನ್ನು ಇಷ್ಟು ದಿನ ಬೇರೆಯವರ ಮೈಯಲ್ಲಿ ನೋಡಿ ಬರೆದುಕೊಂಡಿದ್ದ ನಾನು, ನನ್ನ ಹೆಗಲು ಕಿವಿಯ ಹತ್ತಿರ ಬಂದು ನಿಂತಿರುವುದನ್ನು ಗಮನಿಸಿದೆ.

ಆರನೆಯ ಗೇಮ್‌ನಲ್ಲಿ ಕೇಳಿತು. “ಹದಿನೈದು, ಸೊನ್ನೆ.”

ಕೂಗಿದ ಹಾಗಿರಲಿಲ್ಲ. ರಸ್ತೆಯಾಚೆಯ ಗೆಳತಿಗೆ ಏನೋ ತಿಳಿಸಿದ ಹಾಗಿತ್ತು. ಆಮೇಲೆ ಒಂದು ಗೇಮ್ ಬಿಟ್ಟು ಒಂದು ಗೇಮ್ ನನಗೆ ಪಂದ್ಯ ತಿಳಿಯತೊಡಗಿತು. ಅವಳ ಸರ್ವ್ ಬಂದಾಗ ಎಲ್ಲ ಕೇಳುತ್ತಿತ್ತು, ಎದುರಾಳಿಯದಾದಾಗ ಪರದೆ ಬಿದ್ದ ಹಾಗೆ. ಗೇಮ್ ಶುರುವಾಗುವಾಗ ಅವಳು ಒಟ್ಟು ಲೆಕ್ಕವನ್ನೂ ಹೇಳುತ್ತಿದ್ದಳು. ಎರಡು ನಾಲ್ಕರಲ್ಲಿ ಹಿಂದಿದ್ದವಳು ನಾಲ್ಕು ನಾಲ್ಕು ಮಾಡಿದಳು. ಆರು ಆರು ಆಯಿತು. ಒಂದು ಗೇಮ್‌ನ ಮೌನದ ನಂತರ, “ಏಳು, ಆರು. ನಾನ ಮುಂದ ಅದೇನಿ.” ಇನ್ನೊಂದು ಗೇಮ್ ಗೆದ್ದರೆ ರಾಜ್ಯ ಮಟ್ಟ, ಸರ್ವ್ ಅವಳದೇ.

ಆ ಗೇಮ್‌ನಲ್ಲಿ ಹಳೆಯ ರೋಗ ತಲೆಯೆತ್ತಿತು. ನೆಟ್ಟಿಗೆ ಎರಡು ಸಲ ಬಡಿದ ಸದ್ದು. ಸ್ವಲ್ಪ ಹೊತ್ತು ಸುಮ್ಮನೆ. ಆಮೇಲೆ, “ಹದಿನೈದು, ನಲವತ್ತು.” ತಾನು ಸೋಲುತ್ತಿರುವ ಅಂಕವನ್ನು ಅವಳು ಇಷ್ಟು ಸ್ಪಷ್ಟವಾಗಿ ಹೇಳಿದ್ದು ನಾನು ಅದೇ ಮೊದಲು ಕೇಳಿದ್ದು. “ಮೂವತ್ತು, ನಲವತ್ತು.” ಆಮೇಲೆ “ಡ್ಯೂಸ್.” ಇಬ್ಬರದೂ ನಲವತ್ತು, ಅಲ್ಲಿಂದ ಸತತ ಎರಡು ಅಂಕ ಗೆದ್ದವರಿಗೆ ಗೇಮ್. ಆ ಮಾತಿಗೆ ಕನ್ನಡ ಹುಡುಕಲು ನಾವಿಬ್ಬರೂ ಮರೆತಿದ್ದೆವು.

ದೊಡ್ಡ ರ‍್ಯಾಲಿ ನಡೆಯಿತು. ಹೊಡೆತಗಳನ್ನು ಎಣಿಸುತ್ತ ಹದಿನಾಲ್ಕಕ್ಕೆ ಬಂದಿದ್ದೆ. “ಔಟ್” ಎಂದಿತು ಅವಳ ಧ್ವನಿ. ಜನ ಗುಜುಗುಜು ಎಂದರು. ನಾನು ಎದ್ದು ಗೇಟಿಗೆ ಬಂದೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು. ಎತ್ತರದ ಹುಡುಗಿ ನೆಟ್ಟಿನವರೆಗೆ ಬಂದು, ಖಾತ್ರಿ ಇದೆಯಾ ಎಂದು ಕೇಳುತ್ತಿದ್ದಳು. ಅವಳ ಕಡೆಯವರು ಬೇಲಿಯ ಹತ್ತಿರ ಸೇರಿದ್ದರು. ರೆಫರಿ ಇನ್ನೊಂದು ಕೋರ್ಟಿನಿಂದ ಬರುತ್ತಿದ್ದರು. ಅಷ್ಟು ಜನ ನೋಡುತ್ತಿರುವಾಗ ಅವಳು ಆ ಅಂಕವನ್ನು ಬಿಟ್ಟುಕೊಡುತ್ತಾಳೆ ಎಂದೇ ನನಗನ್ನಿಸಿತು. ಬಿಟ್ಟುಕೊಟ್ಟು ಸುಮ್ಮನಾಗುವುದು ಅವಳಿಗೆ ಅಷ್ಟು ಅಭ್ಯಾಸವಾಗಿತ್ತು.

ಅವಳು ಬೇಸ್‌ಲೈನ್ ಹತ್ತಿರ ಹೋಗಿ ರಾಕೆಟ್ಟಿನ ತುದಿಯಿಂದ ಮಣ್ಣಿನ ಮೇಲೆ ಒಂದು ಕಡೆ ತೋರಿಸಿದಳು. ಬೇಲಿಯವರ ಕಡೆ ನೋಡಲಿಲ್ಲ, ರೆಫರಿಯ ಕಡೆಯೂ ನೋಡಲಿಲ್ಲ. ಎದುರಾಳಿಯ ಮುಖವನ್ನೇ ನೋಡಿ ಹೇಳಿದಳು: “ಹೊರಗ ಬಿದ್ದದ. ಗುರ್ತು ಇಲ್ಲೇ ಅದ, ಬಂದು ನೋಡ್ರಿ.”

ಆ ಹುಡುಗಿ ನೆಟ್ಟು ಸುತ್ತಿ ಬಂದು ಬಗ್ಗಿ ನೋಡಿದಳು. ಗೆರೆಗೂ ಚೆಂಡಿನ ಗುರುತಿಗೂ ನಡುವೆ ಮೂರು ಬೆರಳು ಮಣ್ಣಿತ್ತು. ತಲೆಯಾಡಿಸಿ ತನ್ನ ಜಾಗಕ್ಕೆ ಹೋದಳು. ಮುಂದಿನ ಅಂಕ ಬೇಗ ಮುಗಿಯಿತು. ಸರ್ವ್ ಒಳಗೆ ಬಿತ್ತು, ವಾಪಸು ಬಂದ ಚೆಂಡು ನೆಟ್ಟಿಗೆ ತಗುಲಿ ಅವರ ಕಡೆಯೇ ಉರುಳಿತು.

ಮರುದಿನ ಫೈನಲ್‌ನಲ್ಲಿ ಅಂಪೈರ್ ಇದ್ದರು, ಅಂಕವನ್ನು ಅವರೇ ಹೇಳಿದರು. ನಮ್ಮವಳು ಸೋತಳು, ಎದುರಿನವಳು ಆಟದಲ್ಲಿ ಮೇಲಿದ್ದಳು ಅಷ್ಟೇ. ಇಬ್ಬರ ಹೆಸರೂ ರಾಜ್ಯ ಮಟ್ಟಕ್ಕೆ ಹೋಯಿತು. ಆದರೆ ನಾನು ಹೇಳಿ ಮುಗಿಸಬೇಕಾದ್ದು ಸೆಮಿಫೈನಲ್ ಆದ ಮೇಲಿನ ಎರಡು ನಿಮಿಷ. ಗೆದ್ದವರು ಚೆಂಡುಗಳನ್ನು ತಂದು ಮೇಜಿನ ಹತ್ತಿರ ಒಪ್ಪಿಸಿ, ಫಲಿತಾಂಶ ಬರೆಸಬೇಕು. ನಾನು ಅವಳ ಹಿಂದೆ ನಿಂತಿದ್ದೆ. ಮೇಜಿನ ಮೇಲೆ ತಲೆ ಬಗ್ಗಿಸಿ ಬರೆಯುತ್ತಿದ್ದ ವಯಸ್ಸಾದ ಅಧಿಕಾರಿ ತಲೆಯೆತ್ತದೆಯೇ, ಯಾರು ಗೆದ್ದವರು ಎಂದು ಕೇಳಿದರು.

“ನಾನ್ರಿ,” ಎಂದಳು. “ಎಂಟು, ಆರು.” ಆಮೇಲೆ ತನ್ನ ಹೆಸರು, ತಂದೆಯ ಹೆಸರು, ಶಾಲೆ, ಊರು ಮಣ್ಣೂರ ಎಲ್ಲ ಹೇಳಿದಳು. ಪಕ್ಕದ ಕೋರ್ಟಿನಲ್ಲಿ ಸರ್ವ್ ಮಾಡಲು ಚೆಂಡೆತ್ತಿದ್ದ ಹುಡುಗಿಯೊಬ್ಬಳು ಕೈ ಇಳಿಸಿ ಇತ್ತ ನೋಡಿದಳು.

ಅಧಿಕಾರಿ ಪೆನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. “ಸ್ವಲ್ಪ ಮೆಲ್ಲಗ ಹೇಳವ್ವಾ,” ಎಂದರು, “ನಾ ಇಲ್ಲೇ ಕುಂತೇನಿ.”